‘ಎಲ್ಲರಿಗೂ ಸಮಪಾಲಿನ ನಗರ’ ಎನ್ನುವ ಅಭ್ಯರ್ಥಿಯ ಮಾತು ಒಬ್ಬ ವಾರ್ಡ್ ಸದಸ್ಯರಿಂದ ಆಗುವಂಥದ್ದೇ?

ನಿಮ್ಮ ವಾರ್ಡಿನ ಅಭ್ಯರ್ಥಿಯೊಬ್ಬರು ಕರಪತ್ರದಲ್ಲಿ ‘ಎಲ್ಲರಿಗೂ ಸಮಪಾಲಿನ ನಗರ’ ಎಂದು ಅಚ್ಚು ಹಾಕಿಸಿದ್ದಾರೆ, ರಸ್ತೆಯ ಹೊಂಡ ಮುಚ್ಚಿಸುವುದಕ್ಕೇ ಐದು ವರ್ಷ ಸಾಲದ ಸದಸ್ಯರಿಂದ ಇದೆಲ್ಲ ಆಗುವ ಮಾತೇ ಎಂದು ಕೇಳಿದ್ದೀರಿ. ನಾನು ಕೊಡಗಿನವಳು. ನಮ್ಮ ಪಟ್ಟಣದ ಮುಂದಿನ ಚುನಾವಣೆಯಲ್ಲಿ ಮೀಸಲಾತಿ ಪಟ್ಟಿ ಅನುಕೂಲವಾಗಿ ಬಂದರೆ ಪಕ್ಷೇತರಳಾಗಿ ನಿಲ್ಲಬೇಕೆಂದಿದ್ದೇನೆ. ಆದ್ದರಿಂದ ಈ ಉತ್ತರದಲ್ಲಿ ನನ್ನ ಸ್ವಾರ್ಥವೂ ಅಷ್ಟಿಷ್ಟು ಸೇರಿದೆ ಎಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. ನನ್ನ ಮಟ್ಟಿಗೆ ಅದು ಆಗುವ ಮಾತೇ, ಆದರೆ ಕರಪತ್ರದವರು ಹೇಳುವ ದಾರಿಯಲ್ಲಿ ಅಲ್ಲ. ಸದಸ್ಯರಿಗೆ ಹೊಸ ಹಣ ತರುವ ಶಕ್ತಿ ಕಡಿಮೆ. ಇರುವ ಹಣ, ಇರುವ ನೀರು ಯಾರಿಗೆ ಮೊದಲು ಎಂಬುದನ್ನು ಬದಲಿಸುವ ಶಕ್ತಿ ಮಾತ್ರ ಅವರು ಅಂದುಕೊಂಡದ್ದಕ್ಕಿಂತ ಹೆಚ್ಚೇ ಇದೆ.

ನಮ್ಮ ಜಿಲ್ಲೆಯ ಪಟ್ಟಣಗಳಲ್ಲಿ ಅಸಮಾನತೆಯ ಗೆರೆ ಬೀಳುವುದು ಮೇಲೆ ಮತ್ತು ಕೆಳಗೆ ಎಂಬ ಲೆಕ್ಕದಲ್ಲಿ. ಎಲ್ಲರಿಗೂ ಗೊತ್ತಿರುವ ಮಡಿಕೇರಿಯನ್ನೇ ನೋಡಿ: ಸಮುದ್ರಮಟ್ಟದಿಂದ ಸುಮಾರು 1,170 ಮೀಟರ್ ಎತ್ತರ, 2011ರ ಜನಗಣತಿಯಂತೆ 33 ಸಾವಿರ ಚಿಲ್ಲರೆ ಜನ, ನಗರಸಭೆಗೆ 23 ವಾರ್ಡು. ಸಮತಟ್ಟಾದ ಜಾಗ ಸಿಗುವುದೇ ಅಪರೂಪವಾದ ಇಂಥ ಊರಿನಲ್ಲಿ ಕೈಯಲ್ಲಿ ಕಾಸಿದ್ದವರು ರಸ್ತೆಯ ಮಟ್ಟದಲ್ಲಿ ಮನೆ ಕಟ್ಟಿದರು, ಇಲ್ಲದವರು ಬರೆಗೆ, ಅಂದರೆ ಗುಡ್ಡದ ಕಡಿದಾದ ಮಣ್ಣಿನ ಗೋಡೆಗೆ, ಆತುಕೊಂಡು ಕಟ್ಟಿದರು. 2018ರ ಆಗಸ್ಟಿನಲ್ಲಿ ಇಂದಿರಾನಗರ, ಚಾಮುಂಡೇಶ್ವರಿ ನಗರಗಳ ಕಡೆ ಬರೆ ಜರಿದಾಗ, ಇಳಿಜಾರಿನಲ್ಲಿ ಮನೆ ಕಟ್ಟಿದ್ದೇ ತಪ್ಪು ಎಂದವರು ಬಹಳ ಮಂದಿ. ಬೇರೆಲ್ಲಿ ಕಟ್ಟಬೇಕಿತ್ತು ಎಂಬುದಕ್ಕೆ ಉತ್ತರ ಇದ್ದವರನ್ನು ನಾನಂತೂ ಕಾಣೆ.

ಕಾನೂನು ಬಡವರನ್ನು ಮರೆತಿದೆ ಎಂದು ಹೇಳಲು ಬರುವುದಿಲ್ಲ. 1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿಯು ಸೇರಿಸಿದ ಹನ್ನೆರಡನೇ ಅನುಸೂಚಿಯಲ್ಲಿ ನಗರ ಸಂಸ್ಥೆಗಳಿಗೆ ವಹಿಸಬಹುದಾದ 18 ವಿಷಯಗಳಿವೆ; ಅವುಗಳಲ್ಲಿ ರಸ್ತೆ, ನೀರುಗಳ ಜೊತೆಗೇ ದುರ್ಬಲ ವರ್ಗದವರ ಮತ್ತು ಅಂಗವಿಕಲರ ಹಿತರಕ್ಷಣೆ, ಕೊಳೆಗೇರಿ ಸುಧಾರಣೆ, ನಗರ ಬಡತನ ನಿವಾರಣೆಯೂ ಇವೆ. ನಮ್ಮ ರಾಜ್ಯದ ನಗರ ಸ್ಥಳೀಯ ಸಂಸ್ಥೆಗಳು ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ. 24.10, ಇತರ ಬಡವರಿಗೆ ಶೇ. 7.25, ಅಂಗವಿಕಲರಿಗೆ ಶೇ. 5ರಂತೆ ಹಣ ತೆಗೆದಿಡುವ ಪದ್ಧತಿಯೂ ಇದೆ. ಕಚೇರಿಯವರ ಬಾಯಲ್ಲಿ ಇವು ಯೋಜನೆಯ ಹೆಸರಿಲ್ಲದೆ ಬರೀ ಅಂಕಿಗಳಾಗಿಯೇ ಓಡಾಡುತ್ತವೆ: ‘ಅದು ಏಳೂಕಾಲರ ಫೈಲು’ ಎನ್ನುವುದನ್ನು ನಾನೇ ಕೇಳಿದ್ದೇನೆ.

ಹೀಗೆ ತೆಗೆದಿಟ್ಟ ಹಣ ಕೈಗೆ ಬಂದೂ ನ್ಯಾಯ ಬಾರದಿರುವುದು ಹೇಗೆ ಎಂಬುದಕ್ಕೆ ನನಗೆ ಹತ್ತಿರದಿಂದ ಗೊತ್ತಿರುವ ಒಂದು ಸಂಗತಿ ಹೇಳುತ್ತೇನೆ. ಊರಿನ ಮತ್ತು ಕಚೇರಿಯ ಹೆಸರು ಬೇಡ. ಎರಡೂ ಕಾಲುಗಳಲ್ಲಿ ಬಲವಿಲ್ಲದ, ಬಟ್ಟೆ ಹೊಲಿದು ಬದುಕುವ ಒಬ್ಬರಿಗೆ ಹಿಂದಕ್ಕೆ ಎರಡು ಹೆಚ್ಚುವರಿ ಚಕ್ರ ಜೋಡಿಸಿದ ಸ್ಕೂಟರ್ ಮಂಜೂರಾಯಿತು. ಹಾರ ಹಾಕಿ, ಫೋಟೊ ತೆಗೆದು ಕೊಟ್ಟರು. ಅವರ ಮನೆ ರಸ್ತೆಯಿಂದ 62 ಮೆಟ್ಟಿಲು ಕೆಳಗಿದೆ, ಒಂದೊಂದು ಮೆಟ್ಟಿಲೂ ಒಂದೊಂದು ಎತ್ತರ. ಗಾಡಿಯನ್ನು ಮೇಲೆ ಅಂಗಡಿಯೊಂದರ ಮಾಡಿನಡಿ ನಿಲ್ಲಿಸಿ, ಟಾರ್ಪಾಲು ಹೊದಿಸಿ, ಹವಾಯಿ ಚಪ್ಪಲಿಯನ್ನು ಅಂಗೈಗೆ ಸಿಕ್ಕಿಸಿಕೊಂಡು, ಕುಳಿತುಕೊಂಡೇ ಅವರು ಮೆಟ್ಟಿಲಿನಿಂದ ಮೆಟ್ಟಿಲಿಗೆ ಜಾರಿ ಇಳಿಯುತ್ತಾರೆ. ಜುಲೈ ತಿಂಗಳಲ್ಲಿ ಆ ಕಲ್ಲುಗಳ ಮೇಲೆ ಪಾಚಿ ಕಟ್ಟಿ, ಸರಿಯಾಗಿ ನಡೆಯುವವರೇ ಜಾರುತ್ತಾರೆ. “ಅಕ್ಕಾ, ಗಾಡಿ ಕೊಟ್ಟರು, ಗಾಡಿಯವರೆಗೆ ಹೋಗಲು ದಾರಿ ಕೊಡಲಿಲ್ಲ” ಎಂದರು ಅವರು, ದೂರುವ ದನಿಯೂ ಇಲ್ಲದೆ. ವಿಚಾರಿಸಿದಾಗ ತಿಳಿದದ್ದಿಷ್ಟು: ಆ ವರ್ಷದ ಕ್ರಿಯಾಯೋಜನೆಯಲ್ಲಿ ಗಾಡಿ ಇತ್ತು, ಮೆಟ್ಟಿಲಿಗೆ ಹಿಡಿದುಕೊಳ್ಳುವ ಪೈಪು ಇರಲಿಲ್ಲ. ಕ್ರಿಯಾಯೋಜನೆ ಬರೆದವರು ಅವರ ಮನೆಯತನಕ ಇಳಿದಿರಲಿಲ್ಲ.

ಆದ್ದರಿಂದ ನನ್ನ ಪ್ರಣಾಳಿಕೆಯ ಮೊದಲ ಸಾಲು ಮೆಟ್ಟಿಲು. ವಾರ್ಡಿನ ಪ್ರತಿಯೊಂದು ಕಾಲುದಾರಿಯನ್ನು ಸದಸ್ಯೆಯೇ ನಡೆದು, ಎಲ್ಲಿ ಎಷ್ಟು ಮೆಟ್ಟಿಲು, ಎಲ್ಲಿ ಬೀದಿದೀಪವಿಲ್ಲ, ಯಾವ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ, ಯಾರ ಗ್ಯಾಸ್ ಸಿಲಿಂಡರನ್ನು ಯಾರು ಹೊರುತ್ತಾರೆ ಎಂದು ಬರೆದುಕೊಂಡು, ಆ ಪಟ್ಟಿಯನ್ನು ಬಜೆಟ್ ಪೂರ್ವಭಾವಿ ಸಭೆಗೆ ಮೊದಲೇ ಒಪ್ಪಿಸಬೇಕು. ಮಾರ್ಚ್ ಕೊನೆಗೆ ಹಣ ವಾಪಸಾದೀತೆಂಬ ಆತುರದಲ್ಲಿ ಹಂಚುವ ಹೊಲಿಗೆ ಯಂತ್ರಕ್ಕಿಂತ ಇದು ಹೆಚ್ಚು ಉಪಯುಕ್ತವೆಂದು ನನ್ನ ಅಭಿಪ್ರಾಯ. ಹೊಲಿಗೆ ಯಂತ್ರ ಸಿಕ್ಕವರು ಬೇಸರಿಸಬಾರದು.

ನೀರಿನ ವಿಚಾರವೂ ಇದೇ ಬಗೆಯದು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಬೀಳುವ ಮಡಿಕೇರಿಗೆ ಕೂಟುಹೊಳೆಯಿಂದ ನೀರನ್ನು ಮೇಲೆತ್ತಿ ತರಬೇಕು, ಬೇಸಿಗೆಯಲ್ಲಿ ಅದೂ ತೆಳ್ಳಗಾಗುತ್ತದೆ. ಗುಡ್ಡದ ಊರಿನಲ್ಲಿ ನೀರು ಬಿಡುವವನ ಕೈಯಲ್ಲಿರುವ ವಾಲ್ವಿನ ಕೀಲಿಯೇ ಸರ್ಕಾರ. ಕೊಳವೆಯ ಆರಂಭದಲ್ಲಿರುವ ಮನೆಗಳ ಸಂಪು ತುಂಬಿದ ಮೇಲೆ, ನಡುವಿನ ಹೋಂಸ್ಟೇಯವರು ಕೊಳವೆಗೇ ಮೋಟಾರು ಹಚ್ಚಿ ಎಳೆದ ಮೇಲೆ, ತುದಿಯವರ ಕೊಡಕ್ಕೆ ಗಾಳಿ ಬರುತ್ತದೆ. ಕೊಳವೆಗೆ ನೇರವಾಗಿ ಮೋಟಾರು ಹಚ್ಚುವುದು ನಿಯಮಕ್ಕೆ ವಿರುದ್ಧವೆಂದು ಎಲ್ಲರಿಗೂ ಗೊತ್ತು. ಯಾವ ಸಾಲಿಗೆ ಯಾವ ದಿನ, ಎಷ್ಟು ಹೊತ್ತಿಗೆ ನೀರು ಎಂಬ ಸರದಿಯನ್ನು ಬಾಯಿಮಾತಿನಲ್ಲಿ ಬಿಡದೆ ವಾರ್ಡಿನ ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿ, ಬೇಸಿಗೆಯ ಮೂರು ತಿಂಗಳಾದರೂ ತುದಿಯ ಸಾಲಿನಿಂದ ಸರದಿ ಆರಂಭಿಸುವುದಕ್ಕೆ ಯಾವ ದೊಡ್ಡ ಅನುದಾನವೂ ಬೇಡ. ಅದಕ್ಕೆ ಬೇಕಾದದ್ದು ಕೊಳವೆಯ ಆರಂಭದವರ ಮುನಿಸನ್ನು ತಾಳಿಕೊಳ್ಳುವ ಧೈರ್ಯ. ಅವರ ಓಟೂ ಇದೇ ವಾರ್ಡಿನಲ್ಲಿರುವುದು ನನಗೆ ಮರೆತಿಲ್ಲ.

ಸಂತೆ ಮತ್ತು ಬೀದಿಬದಿ ವ್ಯಾಪಾರದ ಬಗ್ಗೆ ಹೆಚ್ಚು ಹೇಳುವುದಿಲ್ಲ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯಂತೆ ಪಟ್ಟಣ ಮಾರಾಟ ಸಮಿತಿಯಲ್ಲಿ ಕನಿಷ್ಠ ಶೇ. 40ರಷ್ಟು ಮಂದಿ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರಿರಬೇಕು. ಪ್ರವಾಸಿಗರ ಕಾರಿಗೆ ಜಾಗ ಸಾಲದೆಂದು ಸೊಪ್ಪು ಮಾರುವವಳನ್ನು ಎಬ್ಬಿಸುವ ಮುಂಚೆ ಆ ಸಮಿತಿ ಕೂತಿತ್ತೇ ಎಂದು ಕೇಳುವುದಷ್ಟೇ ಸದಸ್ಯರ ಕೆಲಸ.

ಇನ್ನು ಆಗದ ಮಾತು. ಪೈಸಾರಿ, ಅಂದರೆ ಸರ್ಕಾರಿ, ಜಾಗದಲ್ಲಿ ಮನೆ ಕಟ್ಟಿಕೊಂಡವರಿಗೆ ಹಕ್ಕುಪತ್ರ ಕೊಡಿಸುತ್ತೇನೆ ಎಂದು ಯಾವ ವಾರ್ಡ್ ಅಭ್ಯರ್ಥಿ ಹೇಳಿದರೂ ನಂಬಬೇಡಿ. ನಗರ ಪ್ರದೇಶದಲ್ಲಿ ಅಂಥ ಮನೆಗಳ ಸಕ್ರಮಕ್ಕೆ ಭೂಕಂದಾಯ ಕಾಯ್ದೆಯ 94ಸಿಸಿ ಕಲಮಿನ ಅಡಿ ಹಾಕುವ ಅರ್ಜಿ ಕಂದಾಯ ಇಲಾಖೆಯದು. ಅದು ಇತ್ಯರ್ಥವಾಗುವ ತನಕ ನಗರಸಭೆಯ ಆಸ್ತಿ ದಾಖಲೆಯಾದ ಫಾರಂ ನಂ. 3 ಇಲ್ಲ, ಅದಿಲ್ಲದೆ ಬ್ಯಾಂಕಿನ ಸಾಲವೂ ಇಲ್ಲ. ಅರ್ಜಿ ಯಾವ ಮೇಜಿನ ಮೇಲಿದೆ ಎಂದು ಹುಡುಕಿ ಹೇಳಬಹುದು, ಸಭೆಯಲ್ಲಿ ಪ್ರಸ್ತಾಪಿಸಬಹುದು, ಅಷ್ಟೇ. ಈ ಮಾತನ್ನು ಮನೆಮನೆಗೆ ಹೋಗಿ ಹೇಳಿದರೆ ಓಟು ಹೋಗುತ್ತದೆ ಎಂದು ನನ್ನ ಹಿತೈಷಿಗಳು ಈಗಾಗಲೇ ಎಚ್ಚರಿಸಿದ್ದಾರೆ.

ಮತ್ತೊಂದು ಅಡ್ಡಿ ಕಾನೂನಿನದೇ. ಸಂವಿಧಾನದ 243ಎಸ್ ವಿಧಿಯು ವಾರ್ಡ್ ಸಮಿತಿಯನ್ನು ಕಡ್ಡಾಯಗೊಳಿಸಿರುವುದು ಮೂರು ಲಕ್ಷ ಮತ್ತು ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಿಗೆ. ನಮ್ಮ ಜಿಲ್ಲೆಯ ಯಾವ ಪಟ್ಟಣವೂ ಆ ಲೆಕ್ಕದ ಹತ್ತಿರಕ್ಕೂ ಬರುವುದಿಲ್ಲ. ಅಂದರೆ ಇಲ್ಲಿ ಜನರನ್ನು ಕರೆದು ಕೇಳುವುದು ಸದಸ್ಯರ ಮನಸ್ಸಿಗೆ ಬಿಟ್ಟ ವಿಷಯ. ಕರೆದರೂ ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಕರೆದರೆ ತೋಟದ ಕೆಲಸದವರು, ಮನೆಗೆಲಸದವರು, ಪೌರಕಾರ್ಮಿಕರು ಬರುವುದು ಹೇಗೆ? ಬರುವವರು ನಿವೃತ್ತರು ಮತ್ತು ಗುತ್ತಿಗೆದಾರರು. ಭಾನುವಾರ ಮಧ್ಯಾಹ್ನ ಕರೆದು, ಹಿಂದಿನ ಸಭೆಯಲ್ಲಿ ಕೇಳಿದ್ದರಲ್ಲಿ ಎಷ್ಟು ಆಯಿತು, ಎಷ್ಟು ಆಗಲಿಲ್ಲ ಎಂದು ಓದಿ ಹೇಳುವವರಿದ್ದರೆ ನಾನು ಸ್ಪರ್ಧಿಸದೆ ಅವರಿಗೇ ಓಟು ಹಾಕುತ್ತೇನೆ.

ನಿಮ್ಮ ಅಭ್ಯರ್ಥಿ ಮನೆಗೆ ಬಂದಾಗ ಮೂರು ವಿಷಯ ಕೇಳಿ ನೋಡಿ: ಕಳೆದ ವರ್ಷ ಶೇ. 5ರ ಹಣ ನಮ್ಮ ವಾರ್ಡಿನಲ್ಲಿ ಯಾರಿಗೆ ಹೋಯಿತು, ನೀರಿನ ಕೊಳವೆಯ ಕೊನೆಯ ಮನೆ ಯಾವುದು, ಅಲ್ಲಿಗೆ ಅವರು ಹೋಗಿದ್ದಾರೆಯೇ? ಗೊತ್ತಿಲ್ಲ, ನೋಡಿ ಹೇಳುತ್ತೇನೆ ಎಂದರೆ ಅದೂ ಒಳ್ಳೆಯ ಉತ್ತರವೇ, ಮತ್ತೆ ಬಂದು ಹೇಳಿದರೆ.

ಆ 62 ಮೆಟ್ಟಿಲಿಗೆ ಕಳೆದ ವರ್ಷ ಮಳೆಗೆ ಮುಂಚೆ ನೆರೆಯವರೇ ಸೇರಿ ಬಿದಿರು ಕಟ್ಟಿದರು. ಆಗಸ್ಟ್ ಹೊತ್ತಿಗೆ ಕೆಳಗಿನ ಅರ್ಧ ಕೊಳೆತಿತ್ತು; ಮೇಲಿನ ಅರ್ಧ ಇನ್ನೂ ಗಟ್ಟಿಯಾಗಿದೆ.