ಮಗು ತರೋಕೆ ಹೋಗಿ ಊರು ಸುತ್ತೋದಾ?

ಪ್ರಶ್ನೆ: ಅಮ್ಮಾ, ಮೂರು ವರ್ಷಕ್ಕೂ ಜಾಸ್ತಿ ಕಾದ ಮೇಲೆ ದತ್ತು ಪಡೆಯುವ ಸರದಿ ನಮಗೆ ಬಂದಿದೆ. ಮಗು ಭುವನೇಶ್ವರದಲ್ಲಿದೆ, ಒಂದೂವರೆ ವರ್ಷದ ಹೆಣ್ಣುಮಗು. ಫೋಟೊ ನೋಡಿ 48 ಗಂಟೆಯೊಳಗೆ ಕಾಯ್ದಿರಿಸಿದ್ದೇವೆ. ಇನ್ನು ಹೋಗಿ ನೋಡಿ ಒಪ್ಪಿಗೆ ಕೊಡಬೇಕು. ನಾಲ್ಕು ದಿನ ಮೊದಲೇ ಹೋಗಿ ಪುರಿ, ಕೋನಾರ್ಕ ನೋಡೋಣ ಅಂತ ನಮ್ಮ ಯಜಮಾನರು ಟಿಕೆಟ್ ಮಾಡಿಸಿದ್ದಾರೆ. "ಮಗು ತರೋಕೆ ಹೋಗ್ತಿದ್ದೀರೋ, ಟೂರ್ ಹೋಗ್ತಿದ್ದೀರೋ?" ಅಂತ ಅತ್ತೆಗೆ ಬೇಜಾರು. ನನಗೂ ಮನಸ್ಸು ಒಪ್ಪುತ್ತಿಲ್ಲ. ಏನು ಮಾಡಲಿ?
– ಹೆಸರು ಬೇಡ, ಕೋಲಾರ

ಉತ್ತರ: ಹೋಗಿ ಬನ್ನಿ ತಾಯಿ. ನಿಮ್ಮ ಅತ್ತೆ ಕೇಳಿದ ಮಾತನ್ನೇ ನಾನು 2005ರಲ್ಲಿ ನನ್ನ ಮಗಳಿಗೆ ಕೇಳಿದ್ದೆ.

ಮಗಳು, ಅಳಿಯ ಅಮೆರಿಕದಲ್ಲಿದ್ದಾರೆ. ಚೀನಾದಿಂದ ಮಗು ದತ್ತು ತೆಗೆದುಕೊಂಡರು. ಆ ವರ್ಷ ಅಲ್ಲಿಂದ ಅಮೆರಿಕಕ್ಕೆ 7,900ರಷ್ಟು ಮಕ್ಕಳು ಹೋದವು. ಬ್ಯಾಂಕಿನ ಕೆಲಸದಿಂದ ಆಗಷ್ಟೇ ರಿಟೈರ್ ಆಗಿದ್ದೆ. "ಅಮ್ಮಾ, ಜೊತೆಗೆ ಬಾ" ಅಂದಳು. ತುಮಕೂರಿನಿಂದ ಹೊರಟು ಬೀಜಿಂಗ್‌ನಲ್ಲಿ ಇಳಿದೆ. ಮಗು ಕೈಗೆ ಬರುವ ಮೊದಲು ಅಲ್ಲಿ ಮೂರು ದಿನ ಸುತ್ತಾಟ ಇತ್ತು.

ಅನಾಥಾಲಯಕ್ಕೆ ಕೊಡಬೇಕಾದ 3,000 ಡಾಲರ್ ನಮ್ಮ ಹತ್ತಿರವೇ ಇತ್ತು. 100ರ ಮೂವತ್ತು ನೋಟು. ಎಲ್ಲ ಹೊಸದಾಗಿರಬೇಕು, ಮಡಿಕೆ ಬಿದ್ದಿರಬಾರದು, ಗೀಚಿರಬಾರದು ಅಂತ ಏಜೆನ್ಸಿಯವರ ಕಟ್ಟಪ್ಪಣೆ. ಕ್ಯಾಷಿಯರ್ ಅತ್ತೆ ಇದ್ದಾರಲ್ಲ ಅಂತ ಅಳಿಯ ನನ್ನ ಸೊಂಟಕ್ಕೇ ಕಟ್ಟಿಬಿಟ್ಟ. ಎರಡು ರಟ್ಟಿನ ನಡುವೆ ನೋಟು, ಮೇಲೆ ಬಟ್ಟೆ ಚೀಲ, ಅದರ ಮೇಲೆ ಸೀರೆ. ಮಹಾಗೋಡೆಯ ಮುಟಿಯಾನ್ಯು ಅನ್ನುವ ಕಡೆ ಹೋದೆವು, ಬೀಜಿಂಗ್‌ನಿಂದ ಸುಮಾರು 70 ಕಿಲೋಮೀಟರ್. ಅಲ್ಲಿಂದ ಕೆಳಗೆ ಬರೋಕೆ ಜಾರುಬಂಡಿ ಇದೆ. ಮಗಳು, ಅಳಿಯ ಕಿರುಚುತ್ತಾ ಜಾರಿಕೊಂಡು ಹೋದರು. ನಾನು ಬಗ್ಗಿದರೆ ನೋಟು ಮಡಚಿಹೋಗುತ್ತೆ! ಕೋಲು ನುಂಗಿದವಳ ಹಾಗೆ ನೆಟ್ಟಗೆ ನಿಂತೇ ಕೇಬಲ್ ಕಾರಿನಲ್ಲಿ ಇಳಿದೆ. ಮಹಾಗೋಡೆ ಅಂದರೆ ಈಗಲೂ ನನಗೆ ಮೊದಲು ನೆನಪಾಗೋದು ಹೊಟ್ಟೆಗೆ ಚುಚ್ಚುತ್ತಿದ್ದ ಆ ರಟ್ಟು.

1420ರಲ್ಲಿ ಕಟ್ಟಿ ಮುಗಿಸಿದ ದೊಡ್ಡ ಅರಮನೆಗೂ ಹೋದೆವು. 24 ಚಕ್ರವರ್ತಿಗಳು ಬಾಳಿದ ಜಾಗ. ಮಗಳು ತಲೆ ಎತ್ತಿ ಒಂದು ಚಾವಣಿ ನೋಡಲಿಲ್ಲ. ಅಂಗಳದಲ್ಲಿ ಓಡಾಡುತ್ತಿದ್ದ ಮಕ್ಕಳನ್ನೇ ನೋಡುತ್ತಿದ್ದಳು. ಅಲ್ಲಿ ಪುಟ್ಟ ಮಕ್ಕಳಿಗೆ ಹಿಂದೆ ಸೀಳು ಬಿಟ್ಟ ಚಡ್ಡಿ ಹಾಕುತ್ತಿದ್ದರು, ಕೂತರೆ ಆಯಿತು, ಬಿಚ್ಚೋ ಕೆಲಸವೇ ಇಲ್ಲ. ಅದನ್ನು ನೋಡಿ ನಕ್ಕಳು. ಒಂದು ವಾರದ ಮೇಲೆ ನಗು ಕಂಡಿದ್ದು ಅವತ್ತೇ. ರೂಮಿನಲ್ಲೇ ಕೂತಿದ್ದರೆ ಮಗುವಿನ ಆರೋಗ್ಯದ ವರದಿಯನ್ನು ನೂರನೇ ಸಲ ಓದಿ ಅಳುತ್ತಿದ್ದಳು, ಅಷ್ಟೆ. ಸುತ್ತಾಟ ತಪ್ಪಲ್ಲ ಅಂತ ನನಗೆ ಅನ್ನಿಸಿದ್ದೂ ಅವತ್ತೇ.

ಮಗು ಸಿಕ್ಕಿದ್ದು ನಾಂಚಾಂಗ್ ಅನ್ನುವ ಊರಿನಲ್ಲಿ. ಜೂನ್ ತಿಂಗಳು, ಕೆಂಡದಂಥ ಸೆಕೆ. ಹದಿನಾಲ್ಕು ತಿಂಗಳ ಮಗು ಕೈ ಚಾಚಿ "ಬೌ ಬೌ" ಅಂತ ಅಳುತ್ತಿತ್ತು. ನಾಯಿಗೆ ಹೆದರಿದೆ ಅಂತ ನಾವು ಬಾಗಿಲ ಹೊರಗೆಲ್ಲ ನಾಯಿ ಹುಡುಕಿದೆವು. ಚೀನೀ ಭಾಷೆಯಲ್ಲಿ ಹಾಗಂದರೆ "ಎತ್ತಿಕೋ" ಅಂತ, ಗೈಡ್ ಹುಡುಗಿ ಹೇಳಿದ್ದು ಸಂಜೆಗೆ.

ಆಮೇಲೆ ಮಗುವಿನ ಪಾಸ್‌ಪೋರ್ಟ್‌ಗೆ ಅಂತ ಅಲ್ಲೇ ಐದು ದಿನ ಕಾಯಬೇಕಿತ್ತು. ಆಗ ಮಾಡಿದ್ದು ತಪ್ಪು. ದಿನಾ ಬೆಳಿಗ್ಗೆ ಏಜೆನ್ಸಿಯವರು ನಮ್ಮ ಹಾಗೆ ಮಗು ಪಡೆದವರನ್ನೆಲ್ಲ ಬಸ್ಸಿಗೆ ಹತ್ತಿಸಿ ಒಂದೊಂದು ಕಡೆ ಕರೆದೊಯ್ಯುತ್ತಿದ್ದರು. ಗಾನ್ ನದಿ ದಂಡೆಯ ತೆಂಗ್‌ವಾಂಗ್ ಮಂಟಪ, ಅದಾದ ಮೇಲೆ ಪಿಂಗಾಣಿ ಅಂಗಡಿ, ಜೇಡ್ ಕಲ್ಲಿನ ಅಂಗಡಿ. ಆ ಮಂಟಪ ಮೊದಲು ಕಟ್ಟಿದ್ದು 653ರಲ್ಲಂತೆ, ಈಗಿರೋದು 1989ರದ್ದು. ಹೊಸ ಅಪ್ಪ ಅಮ್ಮ, ಹೊಸ ವಾಸನೆ, ಹೊಸ ಹಾಲು, ಅದರ ಮೇಲೆ ಬಸ್ಸು. ಬಸ್ ತುಂಬಾ ಮಕ್ಕಳ ಅಳು. ಮೂರನೇ ದಿನ "ನಾವು ಬರಲ್ಲ" ಅಂದುಬಿಟ್ಟೆವು. ಹೋಟೆಲ್ ಎದುರಿನ ಬೀದಿಯಲ್ಲಿ ಮಗುವನ್ನು ಎತ್ತಿಕೊಂಡು ಓಡಾಡಿದೆವು. ಕಲ್ಲಂಗಡಿ ಮಾರುವ ಒಬ್ಬ ಅಜ್ಜಿ, ಆ ಸೆಕೆಯಲ್ಲೂ, ಮಗುವಿಗೆ ಕಾಲುಚೀಲ ಹಾಕಿಲ್ಲ ಅಂತ ಮಗಳನ್ನು ಬೈದಳು. ಭಾಷೆ ಬರದಿದ್ದರೂ ಬೈಗುಳ ಪೂರ್ತಿ ಅರ್ಥವಾಯಿತು, ನಾನೇ ಬೈದ ಹಾಗಿತ್ತು!

ಮೊಮ್ಮಗಳಿಗೆ ಈಗ ಇಪ್ಪತ್ತು ದಾಟಿದೆ. ಮಹಾಗೋಡೆಯ ಫೋಟೊಗಳನ್ನು ತಿರುವಿ ಹಾಕುತ್ತಾಳೆ. ಕಲ್ಲಂಗಡಿ ಅಜ್ಜಿಯದ್ದನ್ನು ದೊಡ್ಡದು ಮಾಡಿ ಮಾಡಿ ನೋಡುತ್ತಾಳೆ. "ಅಜ್ಜಿ, ಹಿಂದೆ ಇರೋ ಬೋರ್ಡ್ ಯಾವ ಅಂಗಡಿದು?" ಅಂತ ಕೇಳುತ್ತಾಳೆ. ನನಗೇನು ಗೊತ್ತು?

ಅದಕ್ಕೇ ಹೇಳೋದು, ಪುರಿ, ಕೋನಾರ್ಕ ಮಗು ಕೈಗೆ ಬರುವ ಮೊದಲು ಮುಗಿಸಿ. ಅರ್ಧ ದಿನ ಉಳಿಸಿಕೊಂಡು ಮಗು ಇರುವ ಬೀದಿ, ಅಲ್ಲಿನ ಸಂತೆ ನೋಡಿ, ಫೋಟೊ ತೆಗೆಯಿರಿ. ಅಂಗಡಿ ಬೋರ್ಡ್ ಸ್ಪಷ್ಟವಾಗಿ ಬರಲಿ. ಮಗು ಬಂದ ಮೇಲೆ ಎಲ್ಲೂ ಹೋಗಬೇಡಿ. ಏನು ಹೇಳಿ ಕರೆಯುತ್ತಾರೆ, ಹೇಗೆ ಮಲಗಿಸುತ್ತಾರೆ, ನೀರಿಗೆ, ಊಟಕ್ಕೆ ಯಾವ ಮಾತು ಆಡುತ್ತೆ ಅಂತ ಆಯಾಗಳನ್ನು ಕೇಳಿ ಬರೆದುಕೊಳ್ಳಿ, ಇಲ್ಲದಿದ್ದರೆ ನಮ್ಮ ಹಾಗೆ ನಾಯಿ ಹುಡುಕುತ್ತೀರಿ. ಹೊದೆಯುತ್ತಿದ್ದ ಬಟ್ಟೆ ಕೊಟ್ಟರೆ ತನ್ನಿ, ಸ್ವಲ್ಪ ದಿನ ಒಗೆಯಬೇಡಿ. ಆ ವಾಸನೆ ಇದ್ದರೆ ಮಗು ನಿದ್ದೆ ಮಾಡುತ್ತೆ. ಅತ್ತೆಗೆ ಪುರಿಯಿಂದ ಜಗನ್ನಾಥನ ಪ್ರಸಾದ ತಂದುಕೊಡಿ, ಸಮಾಧಾನ ಆಗುತ್ತಾರೆ.

ಪ್ರಶ್ನೆ: ಚೀನಾದಿಂದ ಈಗಲೂ ಮಗು ದತ್ತು ತೆಗೆದುಕೊಳ್ಳಬಹುದಾ?
– ಓದುಗರು, ಶಿರಾ

ಉತ್ತರ: ಇಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಹೊರದೇಶಕ್ಕೆ ಮಕ್ಕಳನ್ನು ಕೊಡೋದು ನಿಲ್ಲಿಸಿದ್ದಾಗಿ ಅವರ ಸರ್ಕಾರವೇ ಹೇಳಿತು. ಹತ್ತಿರದ ರಕ್ತಸಂಬಂಧಿಗಳ ಮಕ್ಕಳಿಗೆ, ಮಲಮಕ್ಕಳಿಗೆ ಮಾತ್ರ ಅವಕಾಶ. 1992ರಿಂದ ಅಲ್ಲಿಯವರೆಗೆ ಒಂದೂವರೆ ಲಕ್ಷಕ್ಕೂ ಜಾಸ್ತಿ ಮಕ್ಕಳು ಹೋಗಿದ್ದರು. ನಮ್ಮಲ್ಲಾದರೆ ಕೇಂದ್ರ ಸರ್ಕಾರದ ದತ್ತು ಸಂಸ್ಥೆ 'ಕಾರಾ' ಮೂಲಕವೇ ಹೆಸರು ಬರೆಸಬೇಕು. ಆಸ್ಪತ್ರೆ ಹತ್ತಿರ ಮಗು ಕೊಡಿಸ್ತೀನಿ ಅನ್ನುವ ದಲ್ಲಾಳಿಗಳ ಮಾತು ಕೇಳಬೇಡಿ.

ಪ್ರಶ್ನೆ: ಸಸ್ಯಾಹಾರಿಯಾಗಿ ಚೀನಾದಲ್ಲಿ ಏನು ತಿಂದಿರಿ?
– ಕಾಲೇಜು ವಿದ್ಯಾರ್ಥಿನಿ, ಚಿಂತಾಮಣಿ

ಉತ್ತರ: ಅನ್ನ, ಬೇಯಿಸಿದ ಸೊಪ್ಪು, ಮನೆಯಿಂದ ಒಯ್ದ ಚಟ್ನಿಪುಡಿ. ಹೋಟೆಲ್ ರೂಮಿನಲ್ಲಿ ಫ್ಲಾಸ್ಕ್ ತುಂಬಾ ಬಿಸಿನೀರು ಇಡುತ್ತಿದ್ದರು, ಅದೇ ನನ್ನನ್ನು ಕಾಪಾಡಿತು. ಒಂದು ಕೆಜಿ ರಾಗಿ ಹುರಿಹಿಟ್ಟು ತಗೊಂಡು ಹೋಗಿದ್ದೆ. ನಾಂಚಾಂಗ್‌ನಲ್ಲೇ ಡಬ್ಬಿ ಖಾಲಿ. ತಿಂದವಳು ನಾನಲ್ಲ.