ಪರ್ಸಿ ಸ್ಪೆನ್ಸರ್: ಚಾಕೊಲೇಟ್ ಕರಗುವುದಕ್ಕೂ ಮೊದಲಿನ ಕಥೆ

ಜೇಬಿನಲ್ಲಿದ್ದ ಚಾಕೊಲೇಟ್ ಕರಗಿದ್ದಕ್ಕೆ ಮೈಕ್ರೋವೇವ್ ಓವನ್ ಹುಟ್ಟಿತು ಅನ್ನುತ್ತಾರಲ್ಲ, ಅದು ಬರೀ ಅದೃಷ್ಟವೇ, ಅದನ್ನು ಕಂಡುಹಿಡಿದವರು ಯಾರು ಎಂದು ಕೇಳಿದ್ದೀರಿ.

ಓವನ್ ರಿಪೇರಿ ನನ್ನ ಕಸುಬು. ಓವನ್ನಿನೊಳಗೆ ಮೈಕ್ರೋವೇವ್ ಅಲೆಗಳನ್ನು ಹುಟ್ಟಿಸುವ ಕೊಳವೆ, ಅಂದರೆ ಮ್ಯಾಗ್ನೆಟ್ರಾನ್, ಬಿಚ್ಚಿ ಕೈಯಲ್ಲಿ ಹಿಡಿದಾಗಲೆಲ್ಲ ಅದನ್ನು ಅಡುಗೆಗೆ ಬಳಸುವ ದಾರಿ ಕಂಡುಹಿಡಿದ ಪರ್ಸಿ ಸ್ಪೆನ್ಸರ್ ನೆನಪಾಗುತ್ತಾರೆ. ಅದೃಷ್ಟ ಅನ್ನುವ ಮಾತನ್ನು ನಾನಂತೂ ಒಪ್ಪುವುದಿಲ್ಲ.

ಅವರು ಹುಟ್ಟಿದ್ದು 1894ರಲ್ಲಿ, ಅಮೆರಿಕದ ಮೇಯ್ನ್ ರಾಜ್ಯದ ಹೌಲಂಡ್ ಎಂಬ ಸಣ್ಣ ಊರಿನಲ್ಲಿ. ಒಂದೂವರೆ ವರ್ಷದ ಕೂಸಿಗೆ ಅಪ್ಪ ಇಲ್ಲವಾದ. ತಾಯಿ ಮಗುವನ್ನು ನೆಂಟರ ಕೈಗೆ ಒಪ್ಪಿಸಿ ಹೋದಳು. ಹುಡುಗನಿಗೆ ಏಳು ವರ್ಷವಾದಾಗ ಸಾಕಿದಾತನೂ ತೀರಿಕೊಂಡ. ಹನ್ನೆರಡಕ್ಕೆ ಶಾಲೆ ಬಿಟ್ಟು ಗಿರಣಿ ಕೆಲಸ, ಬೆಳಗಿನಿಂದ ಕತ್ತಲಾಗುವವರೆಗೆ. ಹದಿನಾರಕ್ಕೆ, ಹತ್ತಿರದ ಕಾಗದದ ಕಾರ್ಖಾನೆಗೆ ಕರೆಂಟ್ ಬರುತ್ತದೆಂದು ಕೇಳಿ ಅಲ್ಲಿ ಸೇರಿ, ಮಾಡುತ್ತಲೇ ಆ ವಿದ್ಯೆ ಕಲಿತ ಹುಡುಗ ಅದು. 1912ರಲ್ಲಿ ಟೈಟಾನಿಕ್ ಮುಳುಗಿದಾಗ ವೈರ್‌ಲೆಸ್ ಆಪರೇಟರುಗಳ ಸುದ್ದಿ ಮನಸ್ಸಿಗೆ ನಾಟಿ ನೌಕಾಪಡೆ ಸೇರಿದರು. ರಾತ್ರಿ ಪಾಳಿಯಲ್ಲಿ ಪುಸ್ತಕ ಹಿಡಿದು ತ್ರಿಕೋನಮಿತಿ, ಭೌತಶಾಸ್ತ್ರ, ಲೋಹಶಾಸ್ತ್ರ ಎಲ್ಲವನ್ನೂ ತಾವೇ ಓದಿಕೊಂಡರು.

ಮುಂದೆ ಎಲೆಕ್ಟ್ರಾನಿಕ್ ಸಾಮಾನು ಮಾಡುವ ರೇಥಿಯಾನ್ ಕಂಪನಿ ಸೇರಿದರು. ನನಗೆ ಮುಖ್ಯವೆನಿಸುವುದು ಅವರು ಅಲ್ಲಿ ಮಾಡಿದ ಕೆಲಸ. 1940ರಲ್ಲಿ ಬ್ರಿಟಿಷರು ತಮ್ಮ ಹೊಸ ಮ್ಯಾಗ್ನೆಟ್ರಾನನ್ನು ಗುಟ್ಟಾಗಿ ಅಮೆರಿಕಕ್ಕೆ ತಂದರು. ರೇಡಾರಿನ ಜೀವವೇ ಅದು. ಆದರೆ ಗಟ್ಟಿ ತಾಮ್ರದ ತುಂಡನ್ನು ಕೂದಲೆಳೆಯಷ್ಟು ಕರಾರುವಾಕ್ಕಾಗಿ ಕೊರೆದು ಮಾಡಬೇಕಿತ್ತು, ಅದಕ್ಕೆ ನುರಿತ ಕೈಯೇ ಬೇಕು. ಸ್ಪೆನ್ಸರ್ ಯೋಚಿಸಿದ ರೀತಿಯೇ ಬೇರೆ: ಕೊರೆಯುವುದೇಕೆ? ತೆಳು ತಾಮ್ರದ ತಗಡುಗಳನ್ನು ಬೇಕಾದ ಆಕಾರಕ್ಕೆ ಪ್ರೆಸ್ಸಿನಲ್ಲಿ ಕತ್ತರಿಸಿ, ನಡುನಡುವೆ ಬೆಳ್ಳಿಯ ಬೆಸುಗೆ ಇಟ್ಟು ಒಂದರ ಮೇಲೊಂದು ಪೇರಿಸಿ, ಕುಲುಮೆಯಲ್ಲಿ ಹಾಯಿಸಿದರೆ ಎಲ್ಲ ಒಂದೇ ಗಟ್ಟಿಯಾಗುತ್ತದೆ! ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ದಿನಕ್ಕೆ 2,600 ಮ್ಯಾಗ್ನೆಟ್ರಾನ್ ತಯಾರಾಗುತ್ತಿದ್ದವು. ಕೈಕೆಲಸ ಬಲ್ಲವನಿಗಲ್ಲದೆ ಈ ಉಪಾಯ ಹೊಳೆಯುವುದಿಲ್ಲ.

ಚಾಕೊಲೇಟ್ ಕರಗಿದ್ದು 1945ರ ಸುಮಾರಿಗೆ, ಚಾಲೂ ಇದ್ದ ಮ್ಯಾಗ್ನೆಟ್ರಾನ್ ಪಕ್ಕದಲ್ಲಿ ನಿಂತಿದ್ದಾಗ. ಅದರ ಶಾಖ ಬೇರೆಯವರಿಗೂ ತಾಗಿತ್ತು. ಆದರೆ ಪಾಪ್‌ಕಾರ್ನ್ ಕಾಳು ತರಿಸಿ ಅದರ ಮುಂದೆ ಹಿಡಿದವರು ಇವರು. ಆಮೇಲೆ ಮೊಟ್ಟೆ ಇಟ್ಟರು. ಒಳಗಿನ ಆವಿ ಹೆಚ್ಚಿ ಅದು ಸಿಡಿಯಿತು. ಆ ಅಕ್ಟೋಬರಿನಲ್ಲೇ ಪೇಟೆಂಟಿಗೆ ಅರ್ಜಿ ಹೋಯಿತು, 1950ರಲ್ಲಿ ಮಂಜೂರಾಯಿತು.

1947ರ ಮೊದಲ 'ರೇಡಾರೇಂಜ್' ಓವನ್ ಆಳೆತ್ತರ, ಸುಮಾರು 340 ಕಿಲೋ ತೂಕ, ತಂಪು ಮಾಡಲು ನಲ್ಲಿ ನೀರಿನ ಸಂಪರ್ಕ ಬೇರೆ. ಹೋಟೆಲು, ಹಡಗುಗಳಿಗಷ್ಟೇ ಎಟುಕುವಂಥದ್ದು.

ಆವಿಷ್ಕಾರಕ್ಕೆ ಅವರಿಗೆ ಸಿಕ್ಕಿದ್ದು 2 ಡಾಲರ್, ಪೇಟೆಂಟ್ ತಂದ ನೌಕರರಿಗೆಲ್ಲ ಕಂಪನಿ ಕೊಡುತ್ತಿದ್ದ ಸಾಂಕೇತಿಕ ಹಣ. ರಾಯಲ್ಟಿ ಇಲ್ಲ. ನನಗಿದು ಇವತ್ತಿಗೂ ಸಂಕಟದ ಸಂಗತಿ. ಆದರೂ ಪ್ರಾಥಮಿಕ ಶಾಲೆಯನ್ನೂ ಮುಗಿಸದ ಅವರು ಅದೇ ಕಂಪನಿಯ ಹಿರಿಯ ಉಪಾಧ್ಯಕ್ಷರಾದರು, ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು.

ಅಡುಗೆಕಟ್ಟೆಯ ಮೇಲೆ ಕೂರುವಷ್ಟು ಚಿಕ್ಕ ರೇಡಾರೇಂಜ್ 1967ರಲ್ಲಿ 495 ಡಾಲರಿಗೆ ಮಾರಾಟಕ್ಕೆ ಬಂತು. ಸ್ಪೆನ್ಸರ್ ತೀರಿಕೊಂಡದ್ದು 1970ರಲ್ಲಿ. ತಮ್ಮ ಯಂತ್ರ ಸಾಮಾನ್ಯ ಮನೆಗಳಿಗೆ ಬಂದದ್ದನ್ನು ಅವರು ನೋಡಿಯೇ ಹೋದರು.