ಸೊರಗುವ ತೆಂಗಿನ ಸಾಲು ಮತ್ತು ಕವಲುಕಡ್ಡಿ: ಸಂಪಾದಕರ ಉತ್ತರ

ಚಿಕ್ಕನಾಯಕನಹಳ್ಳಿ ಕಡೆಯ ಓದುಗರೊಬ್ಬರ ಪತ್ರದ ಸಾರ ಇಷ್ಟು: ಅವರ ತೆಂಗಿನ ತೋಟದಲ್ಲಿ ಒಂದೇ ಸಾಲಿನ ಏಳು ಮರಗಳು ನಾಲ್ಕು ವರ್ಷಗಳಲ್ಲಿ ಒಂದರ ಹಿಂದೊಂದು ಸೊರಗಿವೆ. ಕೊಳವೆಬಾವಿಗೆ ಜಾಗ ತೋರಿಸಲು ಬಂದವರೊಬ್ಬರು ಕವಲುಕಡ್ಡಿ ಹಿಡಿದು ಆ ಸಾಲಿನುದ್ದಕ್ಕೂ ನಡೆದು, ನೆಲದಡಿಯ ನೀರಿನ ಸೆಲೆಯಿಂದ ಏಳುವ ಕಿರಣವೇ ಮರಗಳನ್ನು ಒಣಗಿಸುತ್ತಿದೆ, ತಾಮ್ರದ ಸರಳು ಹೂಳಿದರೆ ಅದು ತಡೆಯುತ್ತದೆ ಎಂದಿದ್ದಾರೆ. ಇದನ್ನು ನಂಬಬಹುದೇ ಎಂಬುದು ಅವರ ಪ್ರಶ್ನೆ.

ಮಾನ್ಯರೇ,

ತಾಮ್ರದ ಸರಳಿಗೆ ದಯವಿಟ್ಟು ಹಣ ಹಾಕಬೇಡಿ. ಅದಕ್ಕೂ ಮೊದಲು ಮರಗಳ ಬುಡ ನೋಡಿ. ನೆಲಮಟ್ಟದಿಂದ ಒಂದೆರಡು ಅಡಿ ಎತ್ತರದವರೆಗೆ ಕಾಂಡದಿಂದ ಕೆಂಪುಮಿಶ್ರಿತ ಕಂದು ದ್ರವ ಸೋರುತ್ತಿದ್ದರೆ, ಹೊರಸುತ್ತಿನ ಗರಿಗಳು ಹಳದಿಯಾಗಿ ಜೋತು ಬಿದ್ದಿದ್ದರೆ, ಅದು ಅಣಬೆ ರೋಗವಿರಬಹುದು. ಗ್ಯಾನೋಡರ್ಮಾ ಎಂಬ ಶಿಲೀಂಧ್ರ ಮಣ್ಣಿನಲ್ಲಿದ್ದು ಬೇರನ್ನು ಹಿಡಿಯುತ್ತದೆ, ಬೇರು ಬೇರಿಗೆ ತಗಲಿದಲ್ಲಿ ಪಕ್ಕದ ಮರಕ್ಕೆ ದಾಟುತ್ತದೆ, ಒಂದು ಪಾತಿಯಿಂದ ಇನ್ನೊಂದಕ್ಕೆ ಹಾಯುವ ನೀರಿನ ಜೊತೆಗೂ ಸಾಗುತ್ತದೆ. ಮರಗಳು ಸಾಲು ಹಿಡಿದು ಸಾಯುವುದಕ್ಕೆ ಇಷ್ಟು ಕಾರಣವೇ ಸಾಕು. ಸಾಲನ್ನು ಎಳೆದವರು ಸಸಿ ನೆಟ್ಟ ನಾವೇ ಅಲ್ಲವೇ?

ಕಿರಣದ ಮಾತು ನಮ್ಮ ಕಡೆಯ ಹಳೆಯ ನಂಬಿಕೆಯಲ್ಲ. 1929ರಲ್ಲಿ ಜರ್ಮನಿಯ ಬವೇರಿಯಾದ ಫಿಲ್ಸ್‌ಬಿಬುರ್ಗ್ ಊರಿನಲ್ಲಿ ಗುಸ್ತಾವ್ ಫಾನ್ ಪೋಲ್ ಎಂಬವರು ಕಡ್ಡಿ ಹಿಡಿದು ನೆಲದಡಿಯ ಗೆರೆಗಳನ್ನು ಗುರುತಿಸಿ, ಕ್ಯಾನ್ಸರ್‌ನಿಂದ ಸತ್ತವರ ಹಾಸಿಗೆಗಳು ಆ ಗೆರೆಗಳ ಮೇಲೇ ಇದ್ದವು ಎಂದು ಸಾರಿದರು. ಮುಂದೆ ಅದೇ ವಿಚಾರ ಮರಗಳಿಗೂ ಹಬ್ಬಿ, ಓಕ್‌ಗೆ ಕಿರಣ ಹಿತ, ಬೀಚ್ ಮರಕ್ಕೆ ಅಹಿತ, ಕಾಂಡ ತಿರುಚಿದರೆ ಅಥವಾ ಗಂಟುಗಟ್ಟಿದರೆ ಅದೇ ಸಾಕ್ಷಿ ಎಂಬ ಪಟ್ಟಿಗಳು ಹುಟ್ಟಿಕೊಂಡವು. ಅಂಥ ಕಿರಣವನ್ನು ಯಾವ ಉಪಕರಣವೂ ಅಳೆದು ತೋರಿಸಿಲ್ಲ. ಬೆಳಕಿನ ಕಡೆಗೆ ಬಾಗುವ, ಗಾಳಿಯ ಹೊಡೆತಕ್ಕೆ ಒಂದು ಮಗ್ಗುಲಲ್ಲಿ ದಪ್ಪವಾಗುವ, ಬ್ಯಾಕ್ಟೀರಿಯಾ ತಗಲಿ ಗಂಟು ಬೆಳೆಸುವ ಸ್ವಭಾವ ಮರಕ್ಕಿದೆ ಎಂಬುದು ಸಸ್ಯಶಾಸ್ತ್ರಕ್ಕೆ ಚೆನ್ನಾಗಿ ಗೊತ್ತು.

ಕಡ್ಡಿ ಬಾಗಿದ್ದನ್ನು ಕಣ್ಣಾರೆ ಕಂಡೆ ಎಂದು ಬರೆದಿದ್ದೀರಿ. ಅದು ನಿಜವೇ ಇರಬೇಕು, ಹಿಡಿದವರು ಮೋಸಗಾರರೆಂದು ನಾನು ಹೇಳುವುದಿಲ್ಲ. ಬಿಗಿಯಾಗಿ ಅಗಲಿಸಿ ಹಿಡಿದ ಕವಲು ಮಣಿಕಟ್ಟಿನ ಅತಿ ಸಣ್ಣ ಚಲನೆಗೂ ಥಟ್ಟನೆ ಹೊರಳುತ್ತದೆ, ನಿರೀಕ್ಷೆಯಿದ್ದಲ್ಲಿ ಕೈ ನಮಗರಿವಿಲ್ಲದೆ ಚಲಿಸುತ್ತದೆ ಎಂಬುದನ್ನು 1852ರಷ್ಟು ಹಿಂದೆಯೇ ಇಂಗ್ಲೆಂಡಿನ ಶರೀರಶಾಸ್ತ್ರಜ್ಞ ವಿಲಿಯಂ ಕಾರ್ಪೆಂಟರ್ ವಿವರಿಸಿದ್ದರು. 1987 ಮತ್ತು 1988ರಲ್ಲಿ ಮ್ಯೂನಿಕ್ ಬಳಿಯ ಎರಡಂತಸ್ತಿನ ಕಣಜವೊಂದರಲ್ಲಿ ದೊಡ್ಡ ಪರೀಕ್ಷೆ ನಡೆಯಿತು. ಕಡ್ಡಿ ಹಿಡಿದು ನೀರು ತೋರಿಸುವ ಸುಮಾರು 500 ಮಂದಿಯಲ್ಲಿ ಆರಿಸಿದ 43 ಜನ, ಕೆಳಗೆ ಜಾಗ ಬದಲಿಸುತ್ತಿದ್ದ ನೀರಿನ ಕೊಳವೆಯನ್ನು ಮೇಲಂತಸ್ತಿನಿಂದ ಗುರುತಿಸಬೇಕಿತ್ತು. 843 ಪ್ರಯತ್ನಗಳಲ್ಲಿ ಹೆಚ್ಚಿನವರು ಸೋತರು. ಕೆಲವರು ಗೆದ್ದರೆಂದು ಸಂಶೋಧಕರು ವಾದಿಸಿದರೂ, ಅವೇ ಅಂಕಿಗಳನ್ನು ಮತ್ತೆ ಜಾಲಾಡಿದ ಅಮೆರಿಕದ ವಿಜ್ಞಾನಿ ಜಿಮ್ ಎನ್‌ರೈಟ್ ಅದು ಆಕಸ್ಮಿಕವನ್ನು ಮೀರಿದ್ದಲ್ಲ ಎಂದರು. ನನಗೆ ಎನ್‌ರೈಟ್ ಅವರ ವಾದವೇ ಸರಿಯೆನಿಸುತ್ತದೆ.

ಪ್ರಾಚೀನ ಜ್ಯೋತಿಷಿ ವರಾಹಮಿಹಿರನೂ ಇದನ್ನೇ ಹೇಳಿದ್ದಾನಲ್ಲ ಎಂದು ಕೇಳಿದ್ದೀರಿ. ಅವನ ಬೃಹತ್ಸಂಹಿತೆಯಲ್ಲಿ ನೆಲದಡಿಯ ನೀರು ಹುಡುಕುವ ಬಗೆಯನ್ನು ತಿಳಿಸುವ ದಕಾರ್ಗಳ ಅಧ್ಯಾಯ ಹೇಳುವುದು ಬೇರೆ. ನೇರಳೆ ಮರದ ಪೂರ್ವಕ್ಕೆ ಸಮೀಪದಲ್ಲೇ ಹುತ್ತವಿದ್ದರೆ ಅದರ ದಕ್ಷಿಣ ಪಾರ್ಶ್ವದಲ್ಲಿ ಎರಡು ಪುರುಷ (ಒಂದು ಪುರುಷವೆಂದರೆ ಕೈಯೆತ್ತಿ ನಿಂತ ಆಳಿನ ಎತ್ತರ) ಆಳದಲ್ಲಿ ಸಿಹಿನೀರು ಎಂಬಂಥ ಸೂಚನೆಗಳು ಅಲ್ಲಿವೆ. ಮರ, ಹುತ್ತ, ಮಣ್ಣು, ಕಲ್ಲುಗಳನ್ನು ಕಣ್ಣಿನಿಂದ ನೋಡಿ ನೀರನ್ನು ಊಹಿಸುವ ಕ್ರಮವದು; ನೀರಿನ ಸೆಲೆ ಮರವನ್ನು ಕೊಲ್ಲುತ್ತದೆ ಎನ್ನುವುದು ಅದಕ್ಕೆ ತದ್ವಿರುದ್ಧ. ನಮ್ಮ ಬಯಲುಸೀಮೆಯ ಗಟ್ಟಿ ಕಲ್ಲಿನಲ್ಲಿ ನೀರು ನಿಲ್ಲುವುದು ಮೇಲಿನ ಶಿಥಿಲ ಪದರದಲ್ಲಿ ಮತ್ತು ಬಿರುಕುಗಳಲ್ಲಿ. ಅಂಥ ಬಿರುಕಿನ ಗುಂಟ ಬೇಸಿಗೆಯಲ್ಲೂ ಮರಗಳು ಹಸಿರಾಗಿರುತ್ತವೆ, ಉಪಗ್ರಹ ಚಿತ್ರಗಳಲ್ಲಿ ಭೂವಿಜ್ಞಾನಿಗಳು ಹುಡುಕುವುದೂ ಆ ಹಸಿರು ಗೆರೆಯನ್ನೇ.

ಆದ್ದರಿಂದ ಎಂಟನೆಯ ಮರದ ಕಡೆಗೆ ಈಗಲೇ ಗಮನ ಕೊಡಿ. ತೋಟಗಾರಿಕೆ ಇಲಾಖೆಯವರನ್ನೋ ಕೃಷಿ ವಿಜ್ಞಾನ ಕೇಂದ್ರದವರನ್ನೋ ಕರೆಸಿ ರೋಗ ಖಚಿತಪಡಿಸಿಕೊಳ್ಳಿ. ಅಣಬೆ ರೋಗವೇ ಆದರೆ ಸತ್ತ ಮರಗಳನ್ನು ಬೇರುಸಹಿತ ಕಿತ್ತು ಸುಡಬೇಕು, ರೋಗದ ಮರಕ್ಕೂ ಆರೋಗ್ಯವಂತ ಮರಕ್ಕೂ ನಡುವೆ ಕಂದಕ ತೋಡಬೇಕು, ಪಾತಿಯಿಂದ ಪಾತಿಗೆ ನೀರು ಹರಿಸುವುದನ್ನು ನಿಲ್ಲಿಸಬೇಕು. ಉಳಿದ ಪ್ರತಿ ಮರಕ್ಕೆ ವರ್ಷಕ್ಕೆ 5 ಕಿಲೋ ಬೇವಿನ ಹಿಂಡಿಯೊಂದಿಗೆ, ರೋಗಕಾರಕ ಶಿಲೀಂಧ್ರವನ್ನು ಹತ್ತಿಕ್ಕುವ ಉಪಕಾರಿ ಶಿಲೀಂಧ್ರವಾದ ಟ್ರೈಕೋಡರ್ಮಾ ಕೊಡುವುದು ರೂಢಿಯಲ್ಲಿರುವ ಶಿಫಾರಸು. ಸರಳಿಗೆಂದು ಎತ್ತಿಟ್ಟ ಹಣ ಇದಕ್ಕಾಗಲಿ. ಬುಡದಲ್ಲಿ ಏನು ಕಂಡಿರೆಂದು ನಮಗೆ ತಪ್ಪದೆ ಬರೆಯಿರಿ.